ಮೈಸೂರಿಗೆಂದು ಮುದ್ರಿಸಿದ ಪ್ಲೇಟು



ಸೊರೆಂಟೊ ವ್ಯಾಲಿಯಲ್ಲಿ ಕೆಲಸ ಮಾಡುವ ನಮ್ಮಲ್ಲಿ ಬಹಳಷ್ಟು ಜನ ಧ್ವನಿಯನ್ನೂ ಚಿತ್ರವನ್ನೂ ಸೊನ್ನೆ-ಒಂದುಗಳಾಗಿ ಮಾಡಿ ಗಾಳಿಯಲ್ಲಿ ಕಳಿಸುವ ಉದ್ಯೋಗದವರು. ಅಂಥವರಲ್ಲೇ ಒಬ್ಬನಾದ ನಾನು ಪ್ರತಿ ಏಪ್ರಿಲ್‌ನಲ್ಲಿ ಒಂದು ಶನಿವಾರ ಬೆಳಗಿನ ಜಾವ ಎದ್ದು, ಎನ್ಸಿನೀಟಾಸ್‌ನ ರೆಕಾರ್ಡ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತೇನೆ. 2008ರಲ್ಲಿ ಶುರುವಾದ 'ರೆಕಾರ್ಡ್ ಸ್ಟೋರ್ ಡೇ' ಅದು. ಆ ದಿನಕ್ಕೆಂದೇ ಕೆಲವು ವಿನೈಲ್ ರೆಕಾರ್ಡುಗಳನ್ನು ಎಣಿಸಿ ಮುದ್ರಿಸುತ್ತಾರೆ. ಮುಗಿದರೆ ಮುಗಿಯಿತು. "ಫೋನಿನಲ್ಲಿ ಎಲ್ಲಾ ಸಿಗುತ್ತಲ್ಲ, ಈ ಚಳಿಯಲ್ಲಿ ಯಾಕ್ರೀ?" ಎಂದು ನಮ್ಮ ಮನೆಯವರು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದವನು ಕೊನೆಗೆ ಬಂದು ನಿಂತದ್ದು ಮೈಸೂರಿನಲ್ಲಿ. ಇವತ್ತು ಆ ಕಥೆಯನ್ನೇ ಹೇಳುತ್ತೇನೆ.

'ಎಣಿಸಿ ಮುದ್ರಿಸುವುದು' ನಮ್ಮ ಕಾಲದ ವ್ಯಾಪಾರದ ಉಪಾಯ ಎಂದುಕೊಂಡಿದ್ದೆ. ಹಾಗಲ್ಲ. 1930ರ ದಶಕದ ಆರಂಭದಲ್ಲಿ, ಆರ್ಥಿಕ ಕುಸಿತದ ದಿನಗಳಲ್ಲಿ, ಲಂಡನ್ನಿನ ಎಚ್‌ಎಂವಿಯಲ್ಲಿದ್ದ ವಾಲ್ಟರ್ ಲೆಗ್ ಎಂಬ ಯುವಕ ಒಂದು ದಾರಿ ಹುಡುಕಿದ. ಹೆಚ್ಚು ಜನ ಕೊಳ್ಳದ ಸಂಗೀತಕ್ಕೆ ಮೊದಲೇ ಚಂದಾದಾರರನ್ನು ಕೂಡಿಸುವುದು, ಸಾಕಷ್ಟು ಹೆಸರು ಬಂದ ಮೇಲೆ ಮುದ್ರಿಸುವುದು. ಹ್ಯೂಗೋ ವುಲ್ಫ್‌ನ ಹಾಡುಗಳು, ಆರ್ತುರ್ ಶ್ನಾಬೆಲ್ ನುಡಿಸಿದ ಬೀಥೋವನ್ ಸೊನಾಟಾಗಳು ಹೀಗೇ 'ಸೊಸೈಟಿ' ಸಂಪುಟಗಳಾಗಿ ಬಂದವು. ನಮ್ಮಲ್ಲಿ ಪುಸ್ತಕಗಳಿಗೆ ಪ್ರಕಟಣಪೂರ್ವ ಚಂದಾ ಎತ್ತುತ್ತಿದ್ದರಲ್ಲ, ಅದೇ ಲೆಕ್ಕ.

ಇದೇ ದಾರಿಯಲ್ಲಿ ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ್ ಒಂದು ಹೆಜ್ಜೆ ಮುಂದೆ ಹೋದರು. 1919ರಲ್ಲಿ ಹುಟ್ಟಿದ ಅವರು ಪಿಯಾನೊ ಬಲ್ಲವರು. ಆಮೇಲೆ ಕರ್ನಾಟಕ ಸಂಗೀತದಲ್ಲಿ 'ಶ್ರೀವಿದ್ಯಾ' ಅಂಕಿತದಿಂದ 94 ಕೃತಿಗಳನ್ನು ರಚಿಸಿದವರು. ರಷ್ಯಾದಿಂದ ಹೊರಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರನ ರಚನೆಗಳು ಅವರಿಗೆ ಪ್ರಿಯವಾಗಿದ್ದವು. ಮೆಟ್ನರ್‌ಗೆ ಆಗ ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು, ಕೈಯಲ್ಲಿ ಕಾಸಿರಲಿಲ್ಲ. ಊರು ಬಿಟ್ಟು ಬಂದವನ ಸಂಗೀತವನ್ನು ಹೊಸ ಊರು ಅಷ್ಟಾಗಿ ಕೇಳುತ್ತಿರಲಿಲ್ಲ. ಮಹಾರಾಜರು 'ಮೆಟ್ನರ್ ಸೊಸೈಟಿ' ಸ್ಥಾಪಿಸಿ ಹಣ ಒದಗಿಸಿದರು. 1940ರ ದಶಕದ ಕೊನೆಯಲ್ಲಿ ಮೆಟ್ನರ್ ತನ್ನ ಮೂರು ಪಿಯಾನೊ ಕಾನ್ಸರ್ಟೊಗಳನ್ನು ಸ್ವತಃ ನುಡಿಸಿ ಮುದ್ರಿಸಿದ. ಆತನ ಹಾಡುಗಳನ್ನು ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದರು, ಆತನೇ ಪಿಯಾನೊ ನುಡಿಸಿದ. ಮೂರನೆಯ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡ.

ಒಂದು ಮಾತು ಗಮನಿಸಿ. 78ರ ವೇಗದ ಹನ್ನೆರಡು ಇಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುವುದು ನಾಲ್ಕು, ನಾಲ್ಕೂವರೆ ನಿಮಿಷ. ಅರ್ಧ ಗಂಟೆಗೂ ಮೀರಿದ ಒಂದು ಕಾನ್ಸರ್ಟೊಗೆ ಎಂಟೊಂಬತ್ತು ಮಗ್ಗುಲು ಬೇಕು. ಲಾಭದ ಲೆಕ್ಕದಲ್ಲಿ ಯಾವ ಕಂಪನಿಯೂ ಇದಕ್ಕೆ ಕೈ ಹಾಕುತ್ತಿರಲಿಲ್ಲ. ನಾವು ಸಂಗ್ರಹಕಾರರು ಇರುವುದನ್ನು ಕೂಡಿಡುತ್ತೇವೆ. ಅವರು ಇಲ್ಲದ್ದನ್ನು ಇರುವಂತೆ ಮಾಡಿದರು.

ಎರಡನೆಯ ಘಟನೆ 1950ರ ಮೇ 22ರದು. ಹಿಂದಿನ ವರ್ಷ ತೀರಿಕೊಂಡಿದ್ದ ರಿಚರ್ಡ್ ಸ್ಟ್ರಾಸ್‌ನ 'ಕೊನೆಯ ನಾಲ್ಕು ಹಾಡುಗಳು' ಮೊದಲ ಬಾರಿಗೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕೇಳಿದ ಸಂಜೆ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿಕೊಟ್ಟವರು ಫುರ್ಟ್‌ವೆಂಗ್ಲರ್. ಆ ಕಛೇರಿಗೆ 4,800 ಡಾಲರ್ ಖಾತರಿ ಕೊಟ್ಟವರು ನಮ್ಮ ಮಹಾರಾಜರು. ಅವರು ಸಭೆಯಲ್ಲಿ ಇರಲಿಲ್ಲ. ಅದಕ್ಕಾಗಿಯೇ ಕಛೇರಿಯನ್ನು ಮುದ್ರಿಸಿ ಮೈಸೂರಿಗೆ ಕಳಿಸುವ ಏರ್ಪಾಡಾಗಿತ್ತು. ಆಗ ಅವರ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವೆಂದು ಅಂದಾಜು.

ಮೈಸೂರಿನ ದುಡ್ಡು ಲಂಡನ್ನಿಗೆ ಯಾಕೆ ಹೋಗಬೇಕಿತ್ತು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನನಗೂ ಅನ್ನಿಸಿದೆ. ನಮ್ಮ ನಾಟಕ ಕಂಪನಿಗಳ ಹಾಡುಗಳಿಗೆ ಅಂಥ ಒಂದು ಸೊಸೈಟಿ ಇದ್ದಿದ್ದರೆ ಎಂದು ಆಸೆಯಾಗುತ್ತದೆ. ಆದರೆ ಅರಮನೆಯ ಕಿವಿ ಒಂದೇ ದಿಕ್ಕಿಗೆ ಇರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿ ಹೆಸರಾದ, ಪ್ರತಿ ಪ್ಲೇಟಿನ ಕೊನೆಯಲ್ಲಿ ತನ್ನ ಹೆಸರು ತಾನೇ ಹೇಳುತ್ತಿದ್ದ ಗೌಹರ್ ಜಾನ್‌ಗೆ ಇಳಿವಯಸ್ಸಿನಲ್ಲಿ ಆಸರೆ ಕೊಟ್ಟದ್ದು ನಾಲ್ವಡಿಯವರ ಮೈಸೂರೇ. 1928ರಲ್ಲಿ ಬಂದ ಆಕೆ 1930ರ ಜನವರಿಯಲ್ಲಿ ಅಲ್ಲೇ ಕಣ್ಣು ಮುಚ್ಚಿದರು.

ಆಲ್ಬರ್ಟ್ ಹಾಲ್‌ನ ಆ ಸಂಜೆಯ ಧ್ವನಿ ಏನಾಯಿತು? ಅದು ಉಳಿದದ್ದು ಅಸಿಟೇಟ್ ಪ್ಲೇಟುಗಳ ಮೇಲೆ. ಅರಗಿನ ಪ್ಲೇಟಿನಷ್ಟು ಗಟ್ಟಿಯಲ್ಲ ಅದು. ಮೆತ್ತನೆಯ ಲೇಪದಲ್ಲಿ ನೇರವಾಗಿ ಕೊರೆದ ಗೆರೆ. ಪ್ರತಿ ಸಲ ಮುಳ್ಳು ಹಾಯ್ದಾಗಲೂ ಒಂದಿಷ್ಟು ಹಾಡು ಸವೆಯುತ್ತದೆ. ಎಲ್‌ಪಿಗೆ ಇಳಿಸುವ ಹೊತ್ತಿಗೆ ಆ ಪ್ಲೇಟುಗಳು ತೀರಾ ಸವೆದಿದ್ದವು. ಎಲ್‌ಪಿ ಕೇಳಿದವರು ಬೇಸರಪಟ್ಟರು. 2007ರಲ್ಲಿ ಫ್ಲಾಗ್‌ಸ್ಟಾಡ್ ಸೊಸೈಟಿಗಾಗಿ ಒಮ್ಮೆ, 2014ರಲ್ಲಿ ಪ್ರಿಸ್ಟೀನ್ ಆಡಿಯೊಗಾಗಿ ಇನ್ನೊಮ್ಮೆ, ಕಂಪ್ಯೂಟರ್ ನೆರವಿನಿಂದ ಕೊಳೆ ತೊಳೆದ ಮೇಲೆ ಆ ದನಿ ಮತ್ತೆ ಎದ್ದು ನಿಂತಿತು. ಮರುಮುದ್ರಣಗಳ ಹಿಂದೆ ಬೀಳುವುದು ಬರೀ ಹುಚ್ಚಲ್ಲ ಎಂದು ನನಗೆ ಮನವರಿಕೆಯಾದದ್ದು ಇಲ್ಲಿ. ಒಳ್ಳೆಯ ಮರುಮುದ್ರಣ ಎಂದರೆ ಬಣ್ಣದ ವಿನೈಲ್ ಅಲ್ಲ. ಮೂಲ ಪ್ಲೇಟನ್ನು ಹುಡುಕಿ, ಅದರಲ್ಲಿ ಉಳಿದಿರುವುದನ್ನು ಮತ್ತೆ ಕೇಳುವ ಹಾಗೆ ಮಾಡುವುದು.

ಇನ್ನು ನನ್ನ ತಪ್ಪಿನ ಕಥೆ. ಅಜ್ಜಿಯ ಮನೆ ಖಾಲಿ ಮಾಡುವಾಗ ಹಳೇ ಟ್ರಂಕಿನಲ್ಲಿ ಒಂದೇ ಒಂದು ಪ್ಲೇಟು ಸಿಕ್ಕಿತು. ಲೇಬಲ್ ಮೇಲೆ 'ಗಾಂಧಾರಿ ಹಾನಗಲ್' ಎಂದಿತ್ತು. ಯಾರೋ ಮರೆತುಹೋದ ಗಾಯಕಿ ಇರಬೇಕು ಎಂದುಕೊಂಡು ಎರಡು ಸೀರೆಗಳ ನಡುವೆ ಇಟ್ಟು ಸೂಟ್‌ಕೇಸಿಗೆ ಹಾಕಿದೆ. ಸ್ಯಾನ್ ಡಿಯೇಗೊದಲ್ಲಿ ತೆಗೆದು ನೋಡಿದರೆ ಎರಡು ಹೋಳು. ಗಂಗೂಬಾಯಿ ಹಾನಗಲ್ ಅವರ ಮೊದಲ ದಿನಗಳ ಎಚ್‌ಎಂವಿ ಪ್ಲೇಟುಗಳು ಬಂದದ್ದು 'ಗಾಂಧಾರಿ' ಎಂಬ ಹೆಸರಿನಲ್ಲಿ ಎಂದು ತಿಳಿದದ್ದು ಆಮೇಲೆ. ಕಂಚಿನಂಥ ಗಂಡುದನಿ ಬರುವ ಮುಂಚಿನ ಅವರ ಎಳೆಯ ಕಂಠ ಆ ಹೋಳುಗಳಲ್ಲಿದೆ. ಅವನ್ನು ನಾನು ಎಸೆದಿಲ್ಲ. ನುಡಿಸಲೂ ಆಗುವುದಿಲ್ಲ.

ಒಂದು ಪ್ಲೇಟು ಏನು ಮಾಡಬಲ್ಲದು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಗದಗಿನಲ್ಲಿ ಅಬ್ದುಲ್ ಕರೀಂ ಖಾನ್ ಸಾಹೇಬರ ಝಿಂಝೋಟಿ ಠುಮ್ರಿಯ ಪ್ಲೇಟು ಕೇಳಿದ ಹುಡುಗನೊಬ್ಬ ಹೀಗೆ ಹಾಡಬೇಕೆಂದು 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಮನೆ ಬಿಟ್ಟ. ಅವನೇ ಭೀಮಸೇನ ಜೋಶಿ. ನಾವೂ ಮನೆ ಬಿಟ್ಟವರೇ, ಕಾರಣ ಬೇರೆ. ಅವನು ದನಿ ಹುಡುಕಿಕೊಂಡು ಹೋದ, ನಾವು ದನಿಯನ್ನು ಟ್ರಂಕಿನಲ್ಲಿ ಬಿಟ್ಟು ಬಂದೆವು.

ಆದ್ದರಿಂದ ನನ್ನ ಕೋರಿಕೆ ಮೂರೇ. ಮುಂದಿನ ಸಲ ಊರಿಗೆ ಹೋದಾಗ ಅಟ್ಟದ ಮೇಲಿರುವ ಪ್ಲೇಟು, ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕುವ ಮುಂಚೆ ಎರಡೂ ಮಗ್ಗುಲಿನ ಲೇಬಲ್ ಫೋಟೊ ತೆಗೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಇನ್ನೂ ಮುಖ್ಯ. ಎರಡನೆಯದು, ಪ್ಲೇಟನ್ನು ಮಲಗಿಸಿ ಪೇರಿಸಬೇಡಿ, ನಿಲ್ಲಿಸಿಡಿ. ವಿನೈಲನ್ನು ನಮ್ಮ ಕ್ಯಾಲಿಫೋರ್ನಿಯಾದ ಬಿಸಿಲಿಗೆ ಕಾರಿನಲ್ಲಿ ಬಿಡಬೇಡಿ. ಮೂರನೆಯದು, ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಭಾರತದ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಸಾಹಿತ್ಯ, ರಾಗಸಂಯೋಜನೆಯ ಹಕ್ಕು ಬೇರೆ, ಅದನ್ನು ನೋಡಿಕೊಂಡೇ ಹಂಚಬೇಕು. ಆದರೆ ಹಂಚುವ ಮಾತು ಆಮೇಲೆ. ಮೊದಲು ಉಳಿಯಬೇಕು.

ಧ್ವನಿಯನ್ನು ಸೊನ್ನೆ-ಒಂದು ಮಾಡುವುದೇ ನಮ್ಮ ಕಸುಬು ಎಂದೆನಲ್ಲ, ಈ ಕೆಲಸಕ್ಕೆ ನಮಗಿಂತ ತಕ್ಕವರು ಯಾರಿದ್ದಾರೆ? ನಮ್ಮಲ್ಲಿ ಯಾರೂ ಮಹಾರಾಜರಲ್ಲ. ಆದರೆ ಚಂದಾ ಕೂಡಿಸಿ ಇಲ್ಲದ್ದನ್ನು ಇರುವಂತೆ ಮಾಡುವ ಆ 'ಸೊಸೈಟಿ'ಯ ಲೆಕ್ಕ ನಮ್ಮಂಥ ಸಂಘಗಳಿಗೆ ಹೊಸದೇನಲ್ಲ. ಮುಂದಿನ ಏಪ್ರಿಲ್‌ನಲ್ಲಿ ನಾನು ಮತ್ತೆ ಆ ಸಾಲಿನಲ್ಲಿ ನಿಲ್ಲುತ್ತೇನೆ. ಆ ಅಂಗಡಿಯ ಪೆಟ್ಟಿಗೆಯಲ್ಲಿ ಒಂದು ದಿನ ಒಂದು ಕನ್ನಡದ ಮರುಮುದ್ರಣವೂ ಇರಲಿ, ಅದನ್ನು ಅಲ್ಲಿಗೆ ತಲುಪಿಸಿದವರು ಈ ಸಭೆಯಲ್ಲಿ ಕುಳಿತವರಾಗಿರಲಿ ಎಂದು ಆಸೆ.