ಪಲ್ಸ್ ಆಕ್ಸಿಮೀಟರಿನ ಉತ್ಪತ್ತಿಯೂ ಪರೀಕ್ಷೆಯೂ

ಬೆರಳಿಗೆ ತೊಡಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಪಲ್ಸ್ ಆಕ್ಸಿಮೀಟರು ಒಂದು ವಿಘ್ನದಿಂದ ಹುಟ್ಟಿದ ಯಂತ್ರವಾಗಿದೆ. ಜಪಾನಿನ ನಿಹಾನ್ ಕೋಡೆನ್ ಸಂಸ್ಥೆಯ ತಕುವೊ ಅವೊಯಾಗಿಯವರು ಕಿವಿಯ ಮೂಲಕ ಬೆಳಕನ್ನು ಹಾಯಿಸಿ, ರಕ್ತದಲ್ಲಿ ಬೆರೆಸಿದ ಬಣ್ಣವು ತಿಳಿಯಾಗುವ ಕ್ರಮದಿಂದ ಹೃದಯವು ಹೊರಡಿಸುವ ರಕ್ತದ ಪ್ರಮಾಣವನ್ನು ಅರಿಯಲು ಯತ್ನಿಸುತ್ತಿದ್ದರು. ನಾಡಿಯ ಮಿಡಿತವು ಅದಕ್ಕೆ ಅಡ್ಡಿಯಾಯಿತು. ಮಿಡಿಯುವುದು ಧಮನಿಯ ರಕ್ತವೇ ಆದುದರಿಂದ, ಕೆಂಪು ಮತ್ತು ಅವಕೆಂಪು ಬೆಳಕುಗಳಲ್ಲಿ ಆ ಮಿಡಿತವನ್ನು ಹೋಲಿಸಿ ಆಮ್ಲಜನಕವನ್ನು ಅಳೆಯಬಹುದೆಂದು 1974ರಲ್ಲಿ ಅವರು ಪ್ರಕಟಿಸಿದರು; 1975ರಲ್ಲಿ ಯಂತ್ರವು ಪೇಟೆಗೆ ಬಂದಿತು.

ಆದರೆ ಸಿದ್ಧಾಂತವೊಂದರಿಂದಲೇ ಅಳತೆಯು ಸಿದ್ಧಿಸದು. ಸ್ವಯಂಸೇವಕರಿಗೆ ಆಮ್ಲಜನಕ ಕಡಮೆಯಾದ ಗಾಳಿಯನ್ನು ಉಸಿರಾಡಿಸಿ, ಧಮನಿಯಿಂದ ತೆಗೆದ ರಕ್ತದೊಡನೆ ಯಂತ್ರದ ಅಂಕೆಯನ್ನು ಒರೆಗೆ ಹಚ್ಚುವುದು ಕ್ರಮ. ಈ ಒರೆಯು ಎಲ್ಲ ಮೈಬಣ್ಣಗಳಿಗೂ ಸಮವಾಗಿತ್ತೆ? 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಯಂತ್ರವು ಕಾಣದೆಹೋದ ಕೊರತೆಯು ಬಿಳಿಯ ರೋಗಿಗಳಿಗಿಂತ ಕಪ್ಪುವರ್ಣದವರಲ್ಲಿ ಸುಮಾರು ಮೂರುಪಟ್ಟು ಹೆಚ್ಚಾಗಿ ಕಂಡುಬಂದಿತು. ಆದುದರಿಂದ, ಪೇಟೆಗೆ ಬಂದ ಮಾತ್ರಕ್ಕೆ ಉಪಕರಣದ ಪರೀಕ್ಷೆಯು ಮುಗಿಯಿತೆಂದು ಹೇಳಲಾಗದು.