ಆರ್ ಎಂಬ ಒಂದಕ್ಷರ

ಹಳಗನ್ನಡದಲ್ಲಿ ‘ಆರ್’ ಎಂದರೆ ‘ಯಾರು’. ಅದನ್ನೇ ಕ್ರಿಯಾಪದವಾಗಿ ಹಿಡಿದರೆ ‘ಶಕ್ತನಾಗು’ ಎಂದು ಅರ್ಥ. ‘ಆರ್ಪು’ ಎಂಬ ಮಾತು ಅದರಿಂದ ಬಂದದ್ದು. ಇಪ್ಪತ್ತು ವರ್ಷಗಳಿಂದ ಪಂಪ ರನ್ನರ ಪದ್ಯಗಳನ್ನು ಬಿಡಿಸಿ ಹೇಳುತ್ತ ಬಂದಿರುವ ನನಗೆ ಈ ಶಬ್ದ ಹೊಸದೇನಲ್ಲ. ಆದರೆ ಅದೇ ಉಚ್ಚಾರಣೆಯ ಇಂಗ್ಲಿಷ್ ಅಕ್ಷರವೊಂದು ಗಣಕಯಂತ್ರದ ತಂತ್ರಾಂಶಕ್ಕೆ ಹೆಸರಾಗಿದೆಯೆಂದೂ, ಜಗತ್ತಿನ ಆಸ್ಪತ್ರೆ, ಪ್ರಯೋಗಶಾಲೆ, ವಿಶ್ವವಿದ್ಯಾಲಯಗಳಲ್ಲಿ ಅಂಕಿ-ಅಂಶಗಳನ್ನು ಬಗೆದು ನೋಡುವುದಕ್ಕೆ ಅದನ್ನು ಬಳಸುತ್ತಾರೆಂದೂ ನನಗೆ ತಿಳಿದದ್ದು ತೀರ ಈಚೆಗೆ; ಅದೂ ಒಂದು ಫಜೀತಿಯ ದೆಸೆಯಿಂದ.

ಕನ್ನಡ ಗದ್ಯದಲ್ಲಿ ಪದಗಳು ಕಾಲ ಕಳೆದಂತೆ ಉದ್ದವಾಗುತ್ತಿವೆಯೇ ಎಂಬ ಸಣ್ಣ ಪ್ರಶ್ನೆಯೊಂದನ್ನು ಹಿಡಿದು, ಕೆಲವು ಹಳೆಯ ಲೇಖನಗಳನ್ನೂ ಕೆಲವು ಹೊಸ ಲೇಖನಗಳನ್ನೂ ಎದುರಿಗಿಟ್ಟುಕೊಂಡು ನಾನು ಎಣಿಕೆಗೆ ಕುಳಿತಿದ್ದೆ. ಕಾಲೇಜಿನ ಗಣಕದ ಕೊಠಡಿಯಲ್ಲಿ ಹಣ ತೆತ್ತು ತರಿಸಿದ ತಂತ್ರಾಂಶವೊಂದಿತ್ತು. ಅದರ ಪರವಾನಗಿ ವರ್ಷಕ್ಕೊಮ್ಮೆ ಹೊಸದಾಗಬೇಕು. ಮಾರ್ಚ್ ಮುಗಿಯಿತು, ಹಣ ಮಂಜೂರಾಗಲಿಲ್ಲ. ಏಪ್ರಿಲಿನ ಒಂದು ಬೆಳಗ್ಗೆ ನೋಡುತ್ತೇನೆ, ಕಡತ ತೆರೆಯಲೊಲ್ಲದು. ಎಣಿಕೆ ನನ್ನದು, ಕಡತ ನನ್ನದು. ಬೀಗದ ಕೈ ಮಾತ್ರ ಇನ್ನೊಬ್ಬರದು! ಸಂಖ್ಯಾಶಾಸ್ತ್ರ ವಿಭಾಗದ ತರುಣ ಅಧ್ಯಾಪಕರು ನನ್ನ ಪೆಚ್ಚು ಮೋರೆಯನ್ನು ನೋಡಿ, “ಯೋಚನೆ ಮಾಡಬೇಡಿ ಸಾರ್, ಆರ್ ಹಾಕಿಕೊಡ್ತೀನಿ” ಎಂದರು. “ಆರ್ ಹಾಕಿಕೊಡ್ತಾರೆ?” ಎಂದು ನಾನು ಹಳಗನ್ನಡದ ಗುಂಗಿನಲ್ಲಿ ಕೇಳಿದ್ದು ಅವರಿಗೆ ತಿಳಿಯಲಿಲ್ಲ. “ಎಷ್ಟು ಕೊಡಬೇಕಾಗುತ್ತೆ?” ಎಂದೆ. “ಏನೂ ಇಲ್ಲ ಸಾರ್. ಬೇಕಾದರೆ ಅದು ಲೆಕ್ಕ ಹೇಗೆ ಮಾಡುತ್ತೆ ಅನ್ನೋದನ್ನೂ ಬಿಚ್ಚಿ ನೋಡಬಹುದು.”

ಹಣ ಬೇಡವೆಂದದ್ದಕ್ಕಿಂತ ಈ ಎರಡನೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಬಿಚ್ಚಿ ನೋಡಬಹುದಾದ ಲೆಕ್ಕವೊಂದು ಹೇಗೆ ಹುಟ್ಟಿತು ಎಂದು ಓದುತ್ತ ಹೋದೆ. ಸಿಕ್ಕ ಕತೆ ನಾವು ಕಲಿಸುವ ಗ್ರಂಥಸಂಪಾದನೆಯ ಕತೆಗೆ ತುಂಬ ಹತ್ತಿರವಾಗಿತ್ತು.

ಕತೆಯ ಮೊದಲು ಅಮೆರಿಕದ ನ್ಯೂಜೆರ್ಸಿಯಲ್ಲಿ, ದೂರವಾಣಿ ಕಂಪನಿಯ ಬೆಲ್ ಪ್ರಯೋಗಶಾಲೆಯಲ್ಲಿ. 1976ರಲ್ಲಿ ಅಲ್ಲಿನ ಸಂಖ್ಯಾಶಾಸ್ತ್ರಜ್ಞ ಜಾನ್ ಚೇಂಬರ್ಸ್ ಮತ್ತು ಅವರ ಸಂಗಡಿಗರು ಒಂದು ಬೇಸರವನ್ನು ನೀಗಿಕೊಳ್ಳಬೇಕೆಂದು ಹೊರಟರು. ಆಗ ಲೆಕ್ಕ ಮಾಡಬೇಕಾದರೆ ಫೋರ್ಟ್ರಾನ್ ಭಾಷೆಯಲ್ಲಿ ಆದೇಶಗಳ ಸರಮಾಲೆಯನ್ನು ಬರೆದು ಯಂತ್ರಕ್ಕೆ ಒಪ್ಪಿಸಬೇಕಾಗಿತ್ತು. ಉತ್ತರ ಬಂದ ಮೇಲೆ ಅದನ್ನು ನೋಡಿ ಇನ್ನೊಂದು ಪ್ರಶ್ನೆ ಹುಟ್ಟಿತೆನ್ನಿ, ಮತ್ತೆ ಮೊದಲಿನಿಂದ. ಆದರೆ ಅಂಕಿಗಳ ಜೊತೆಗಿನ ವ್ಯವಹಾರ ಹಾಗಲ್ಲ. ಅದು ಹಳ್ಳಿಯ ಪಂಚಾಯಿತಿಯ ವಿಚಾರಣೆಯ ಹಾಗೆ, ಒಂದು ಉತ್ತರದಿಂದ ಇನ್ನೊಂದು ಪ್ರಶ್ನೆಗೆ ಹೋಗಬೇಕು. ಸರಾಸರಿ ಎಷ್ಟು? ಒಬ್ಬಿಬ್ಬರ ಮಟ್ಟ ಮಾತ್ರ ಯಾಕೆ ಅಷ್ಟು ಮೇಲಿದೆ? ಅವರನ್ನು ಬಿಟ್ಟು ನೋಡಿದರೆ? ಚಿತ್ರ ಬರೆದರೆ ಹೇಗೆ ಕಾಣುತ್ತದೆ? ಹೀಗೆ ಕೇಳುತ್ತ ಹೋಗಲು ಬರುವಂಥ ಭಾಷೆಯೊಂದನ್ನು ಅವರು ಕಟ್ಟಿದರು. ಅದಕ್ಕೆ ‘ಎಸ್’ ಎಂದು ಹೆಸರಾಯಿತು. ಮುಂದೆ 1998ರಲ್ಲಿ ಇದಕ್ಕಾಗಿ ಚೇಂಬರ್ಸರಿಗೆ ಗಣಕಶಾಸ್ತ್ರಜ್ಞರ ದೊಡ್ಡ ಪ್ರಶಸ್ತಿಯೊಂದು ಬಂತು. ಬಂದ ಹಣವನ್ನು ಅವರು ತಂತ್ರಾಂಶ ಬರೆಯುವ ವಿದ್ಯಾರ್ಥಿಗಳ ಬಹುಮಾನಕ್ಕೆ ದತ್ತಿಯಾಗಿ ಕೊಟ್ಟರು.

ಮೊದಮೊದಲು ‘ಎಸ್’ ವಿಶ್ವವಿದ್ಯಾಲಯಗಳಿಗೆ ಅಲ್ಪ ಬೆಲೆಗೆ, ಮೂಲಪಾಠ ಸಹಿತ ಸಿಗುತ್ತಿತ್ತು. ಬರಬರುತ್ತ ಅದರ ಮಾರಾಟದ ಹಕ್ಕು ವ್ಯಾಪಾರಿಗಳ ಕೈಗೆ ಬಂತು; ‘ಎಸ್-ಪ್ಲಸ್’ ಎಂಬ ಹೆಸರಿನಲ್ಲಿ ಅದು ಅಂಗಡಿ ಸೇರಿತು. 2004ರಲ್ಲಂತೂ ಭಾಷೆಯನ್ನೇ ಒಂದು ಕಂಪನಿ ಇಪ್ಪತ್ತು ಲಕ್ಷ ಡಾಲರಿಗೆ ಕೊಂಡುಕೊಂಡಿತು. ಭಾಷೆಯನ್ನು ಕ್ರಯಕ್ಕೆ ಕೊಳ್ಳಬಹುದೆಂಬುದು ಕನ್ನಡದ ಮೇಷ್ಟ್ರಿಗೆ ವಿಚಿತ್ರವಾಗಿ ಕೇಳಿಸುತ್ತದೆ. ಇರಲಿ, ವ್ಯಾಪಾರ ಮಾಡಿದವರದು ತಪ್ಪೆಂದು ನಾನು ಹೇಳುತ್ತಿಲ್ಲ.

ಇಷ್ಟರಲ್ಲಿ ಭೂಗೋಳದ ಇನ್ನೊಂದು ತುದಿಯಲ್ಲಿ ಬೇರೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಇಬ್ಬರು ಅಧ್ಯಾಪಕರಿದ್ದರು: ಮಾವೊರಿ ಮೂಲದ ರಾಸ್ ಇಹಾಕಾ, ಕೆನಡಾದಿಂದ ಬಂದ ರಾಬರ್ಟ್ ಜಂಟಲ್‌ಮನ್. ಅವರ ತೊಂದರೆ ನಮ್ಮ ನಿಮ್ಮ ತೊಂದರೆಯೇ. ವಿದ್ಯಾರ್ಥಿಗಳ ಪ್ರಯೋಗಶಾಲೆಯಲ್ಲಿ ಮ್ಯಾಕಿಂಟಾಷ್ ಯಂತ್ರಗಳಿದ್ದವು. ಅವುಗಳಲ್ಲಿ ಪಾಠ ಹೇಳಲು ತಕ್ಕ ತಂತ್ರಾಂಶ ಪೇಟೆಯಲ್ಲಿ ಸಿಗಲಿಲ್ಲ. ನಾವೇ ಬರೆಯೋಣ ಎಂದರು. ‘ಸ್ಕೀಮ್’ ಎಂಬ ಪುಟ್ಟ ಗಣಕಭಾಷೆಯ ಮಾದರಿಯನ್ನು ಅನುಸರಿಸಿ ಸುಮಾರು ಸಾವಿರ ಸಾಲುಗಳ ಒಂದು ಚಿಕ್ಕ ಯಂತ್ರಾಂಗವನ್ನು ಮಾಡಿ, ಅದರ ಮೇಲೆ ‘ಎಸ್’ ಭಾಷೆಯಂತೆಯೇ ಕಾಣುವ ಮೈ ಕಟ್ಟಿದರು. ಇಬ್ಬರ ಹೆಸರಿನ ಮೊದಲಕ್ಷರವೂ ಆರ್. ‘ಎಸ್’ಗೆ ಅಕ್ಷರಮಾಲೆಯಲ್ಲಿ ಒಂದು ಹೆಜ್ಜೆ ಹಿಂದಿನದೂ ಆರ್. ಹೆಸರು ಅಲ್ಲಿಗೆ ತೀರ್ಮಾನವಾಯಿತು.

1993ರ ಆಗಸ್ಟಿನಲ್ಲಿ ಅವರು ಅದರ ಪ್ರತಿಗಳನ್ನು ಅಂತರಜಾಲದಲ್ಲಿ ಇಟ್ಟರು. ಆದರೆ ಇಟ್ಟದ್ದು ಯಂತ್ರ ಮಾತ್ರ ಓದಬಲ್ಲ ರೂಪವನ್ನು. ಮನುಷ್ಯರು ಓದಿ ತಿದ್ದಬಹುದಾದ ಮೂಲಪಾಠ ಅವರ ಬಳಿಯೇ ಉಳಿಯಿತು. ಅದನ್ನು ಬಳಸಿದವರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಮಾರ್ಟಿನ್ ಮೆಖ್ಲರ್ ಒಬ್ಬರು. ಅವರು ಬಿಡಲಿಲ್ಲ. ಮೂಲವನ್ನೂ ಹೊರಗಿಡಿ ಎಂದು ಗಂಟುಬಿದ್ದರು. ಇಹಾಕಾ ಮತ್ತು ಜಂಟಲ್‌ಮನ್ ಮೊದಲು ಹಿಂಜರಿದರೆಂದು ಇಹಾಕಾ ಅವರೇ ಮುಂದೆ ಬರೆದಿದ್ದಾರೆ. ಹಿಂಜರಿಯುವುದು ಸಹಜ, ತನ್ನ ಹಸ್ತಪ್ರತಿಯನ್ನು ಹೊಡೆದುಹಾಕಿದ ಸಾಲು, ಶಾಯಿ ಚೆಲ್ಲಿದ ಪುಟ ಸಹಿತವಾಗಿ ಬೀದಿಯಲ್ಲಿ ಹರಡಲು ಯಾವ ಲೇಖಕ ಒಪ್ಪುತ್ತಾನೆ? ಕೊನೆಗೆ 1995ರ ಜೂನಿನಲ್ಲಿ ಒಪ್ಪಿದರು. ರಿಚರ್ಡ್ ಸ್ಟಾಲ್‌ಮನ್ ರೂಪಿಸಿದ ಒಂದು ಪರವಾನಗಿಯ ಕೆಳಗೆ ಮೂಲ ಹೊರಬಂತು. ಆ ಪರವಾನಗಿಯ ಜಾಣ್ಮೆ ಇಷ್ಟು: ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು, ಮಾರಲೂಬಹುದು, ಆದರೆ ತಿದ್ದಿ ಹಂಚುವವನು ತನ್ನ ತಿದ್ದುಪಡಿಯನ್ನೂ ಅದೇ ಷರತ್ತಿನ ಮೇಲೆ ಬಿಚ್ಚಿಡಬೇಕು. ಪಡೆದದ್ದಕ್ಕೆ ಬೀಗ ಹಾಕುವಂತಿಲ್ಲ.

ಇಂಗ್ಲಿಷಿನವರು ಇದಕ್ಕೆ ‘ಫ್ರೀ’ ಎನ್ನುತ್ತಾರೆ. ಆಮೇಲೆ, ಇದು ಬೆಲೆಯ ಮಾತಲ್ಲ, ಸ್ವಾತಂತ್ರ್ಯದ ಮಾತು ಎಂದು ಪುಟಗಟ್ಟಲೆ ವಿವರಿಸುತ್ತಾರೆ. ನಮಗೆ ಆ ಕಷ್ಟವಿಲ್ಲ. ಬಿಟ್ಟಿ ಬೇರೆ, ಮುಕ್ತ ಬೇರೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂದು ಪ್ರಸಿದ್ಧಿ. ಅದನ್ನು ನಾವು ‘ಬಿಟ್ಟಿ ಪುಸ್ತಕ’ ಎನ್ನುತ್ತೇವೆಯೆ?

ಮೂಲ ಹೊರಬಂದದ್ದೇ ತಡ, ತಿದ್ದುಪಡಿಗಳು ಇಬ್ಬರ ಕೈ ಮೀರಿ ಬರತೊಡಗಿದವು. 1997ರಲ್ಲಿ ಮೂಲಪಾಠವನ್ನು ತಿದ್ದುವ ಅಧಿಕಾರವುಳ್ಳ ಒಂದು ಸಣ್ಣ ಮಂಡಲಿ ಏರ್ಪಟ್ಟಿತು. ಅದೇ ವರ್ಷದ ಏಪ್ರಿಲಿನಲ್ಲಿ ವಿಯೆನ್ನಾದ ಕುರ್ಟ್ ಹಾರ್ನಿಕ್ ಅವರು ಒಂದು ಭಂಡಾರದ ಸ್ಥಾಪನೆಯನ್ನು ಪ್ರಕಟಿಸಿದರು. ಬೇರೆ ಬೇರೆಯವರು ಬರೆದ ಉಪಕರಣಗಳ ಕಟ್ಟುಗಳನ್ನು ಅಲ್ಲಿ ಪರೀಕ್ಷಿಸಿ ಇಡುವುದು. ಆರಂಭದಲ್ಲಿ 12 ಕಟ್ಟುಗಳಿದ್ದವು. ಈಗ 20,000ಕ್ಕೂ ಹೆಚ್ಚು. 2000ದ ಫೆಬ್ರವರಿ 29ರಂದು ಆರ್ 1.0.0 ಹೊರಬಂತು. ಮಂಡಲಿಯ ಸದಸ್ಯರಲ್ಲಿ ದೆಹಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ದೀಪಾಯನ ಸರ್ಕಾರ್ ಇದ್ದಾರೆ. ನನಗೆ ಎಲ್ಲಕ್ಕಿಂತ ಸೊಗಸೆನಿಸಿದ್ದು, ‘ಎಸ್’ ಭಾಷೆಯನ್ನು ಹುಟ್ಟಿಸಿದ ಜಾನ್ ಚೇಂಬರ್ಸರೇ ಈ ಮಂಡಲಿಯನ್ನು ಸೇರಿದ್ದು. ಮಗಳು ಕಟ್ಟಿದ ಮನೆಗೆ ತಂದೆ ಬಂದು ನೆಲೆಸಿದ ಹಾಗೆ.

ಇಲ್ಲಿ ಓದುಗರು ಕೇಳಬಹುದು: ಬಿಚ್ಚಿ ನೋಡಬಹುದೆಂದ ಮಾತ್ರಕ್ಕೆ ಬಿಚ್ಚಿ ನೋಡುವವರು ಎಷ್ಟು ಮಂದಿ? ಸಂಬಳ ಎಣಿಸಿಕೊಳ್ಳುವವನಿಗೆ ಟಂಕಸಾಲೆಯ ಗೊಡವೆ ಏಕೆ? ಇದಕ್ಕೆ ನಾನು ಓದಿದ ಒಂದು ಪ್ರಸಂಗವನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇನೆ.

2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿತು. ರೋಗಿಯ ಗಡ್ಡೆಯಲ್ಲಿನ ವಂಶವಾಹಿಗಳನ್ನು ನೋಡಿ, ಯಾವ ಔಷಧ ಆ ಕ್ಯಾನ್ಸರಿಗೆ ನಾಟುತ್ತದೆಂದು ಮೊದಲೇ ಹೇಳಬಹುದು ಎಂಬುದು ಅದರ ತಾತ್ಪರ್ಯ. ಎಂಥ ಆಸೆ! ಹೂಸ್ಟನ್ನಿನ ಎಂ. ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ವೈದ್ಯರೂ ಆಸೆಪಟ್ಟು, ಈ ವಿಧಾನವನ್ನು ನಮಗೂ ಅಳವಡಿಸಿಕೊಡಿ ಎಂದು ತಮ್ಮಲ್ಲಿನ ಕೀತ್ ಬ್ಯಾಗರ್ಲಿ, ಕೆವಿನ್ ಕೂಂಬ್ಸ್ ಎಂಬ ಇಬ್ಬರು ಲೆಕ್ಕಿಗರನ್ನು ಕೇಳಿದರು. ಇವರು ಕುಳಿತು ಲೆಕ್ಕ ಮಾಡಿದರೆ ಉತ್ತರ ಕೂಡುವುದಿಲ್ಲ. ಡ್ಯೂಕಿನವರು ಹೇಗೆ ಲೆಕ್ಕ ಮಾಡಿದರೆಂಬ ಪೂರ್ಣ ವಿವರ ಎಲ್ಲೂ ಇಲ್ಲ. ಪ್ರಕಟವಾದ ಉತ್ತರಗಳಿಂದ ಹಿಂದಕ್ಕೆ ನಡೆದು, ಯಾವ ತಪ್ಪು ಮಾಡಿದರೆ ಈ ಉತ್ತರ ಬರುತ್ತದೆ ಎಂದು ಹುಡುಕಬೇಕಾಯಿತು. ಹುಡುಕಿದಾಗ ಸಿಕ್ಕದ್ದೇನು? ವಂಶವಾಹಿಗಳ ಪಟ್ಟಿ ಒಂದು ಸಾಲು ಜಾರಿತ್ತು! ಪ್ರತಿಯೊಂದು ಹೆಸರೂ ಪಕ್ಕದ ಮನೆಯ ವಿಳಾಸಕ್ಕೆ ಹೋಗಿ ಕುಳಿತಿತ್ತು. ಇನ್ನು ಕೆಲವು ಕಡೆ ‘ಔಷಧ ನಾಟುವುದು’, ‘ನಾಟದಿರುವುದು’ ಎಂಬ ಚೀಟಿಗಳು ಅದಲುಬದಲಾಗಿದ್ದವು. ಅಂದರೆ, ಯಾವ ಔಷಧ ಕೊಡಬಾರದೋ ಅದನ್ನೇ ಕೊಡಿ ಎಂದು ಹೇಳುವ ಲೆಕ್ಕ.

ಓಲೆಗರಿಯ ಲಿಪಿಕಾರನ ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಹಾರುವುದನ್ನು ನಾವು ತರಗತಿಯಲ್ಲಿ ನಗುತ್ತ ವಿವರಿಸುತ್ತೇವೆ. ಅಲ್ಲಿ ಕೆಡುವುದು ಒಂದು ಪದ್ಯ. ಇಲ್ಲಿ 2007ರಿಂದ ನಿಜವಾದ ರೋಗಿಗಳ ಮೇಲೆ ಪ್ರಯೋಗ ನಡೆದಿತ್ತು. ನೂರಕ್ಕೂ ಹೆಚ್ಚು ಜನ ಸೇರಿದ್ದರು. ಬ್ಯಾಗರ್ಲಿ ಮತ್ತು ಕೂಂಬ್ಸ್ 2009ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಅವರು ಆರ್ ಬಳಸಿದ್ದರು. ಜೊತೆಗೆ, ಬರಹ ಮತ್ತು ಲೆಕ್ಕದ ಆದೇಶ ಎರಡನ್ನೂ ಒಂದೇ ಕಡತದಲ್ಲಿ ಹೆಣೆಯುವ, ಫ್ರೀಡ್ರಿಕ್ ಲೈಶ್ 2002ರಲ್ಲಿ ರೂಪಿಸಿದ ‘ಸ್ವೀವ್’ ಎಂಬ ಉಪಕರಣವನ್ನು. ಡ್ಯೂಕಿನವರು ತಮ್ಮ ಲೆಕ್ಕದ ಹಾದಿಯನ್ನು ತೋರಿಸಿರಲಿಲ್ಲ. ಇವರು ತಮ್ಮದನ್ನು ಪ್ರತಿಯೊಂದು ಹೆಜ್ಜೆಯೊಡನೆ ಹೊರಗಿಟ್ಟರು. ಪ್ರಯೋಗ ನಿಂತಿತು, 2010ರ ಆರಂಭದಲ್ಲಿ ಮತ್ತೆ ಶುರುವಾಯಿತು, ಅದೇ ವರ್ಷ ಮತ್ತೆ ನಿಂತು, ಕೊನೆಗಂಡಿತು. 2011ರ ಜನವರಿಯಲ್ಲಿ ಮೂಲ ಲೇಖನವನ್ನು ಹಿಂದಕ್ಕೆ ಪಡೆದರು. ತಂಡದ ಒಬ್ಬರು ಸುಳ್ಳು ಅಂಕಿಗಳನ್ನು ಸೇರಿಸಿದ್ದರೆಂದು 2015ರಲ್ಲಿ ಅಮೆರಿಕದ ಸರಕಾರಿ ಕಚೇರಿಯೇ ತೀರ್ಮಾನಿಸಿತು. ಮುಕ್ತ ತಂತ್ರಾಂಶ ಸುಳ್ಳನ್ನು ತಡೆಯಲಾರದು. ಆದರೆ ಅಷ್ಟು ದಿನ ಸುಳ್ಳು ಯಾವುದು, ಕೈತಪ್ಪು ಯಾವುದು ಎಂದು ವಿಂಗಡಿಸಲಿಕ್ಕೂ ಆಗದಂತೆ ಲೆಕ್ಕ ಮುಚ್ಚಿಕೊಂಡಿತ್ತಲ್ಲ, ನನ್ನನ್ನು ಕಾಡಿದ್ದು ಅದು. ಹಾಗೆಯೇ, ತೆರೆದಿಟ್ಟ ಲೆಕ್ಕವನ್ನೂ ಯಾರಾದರೂ ಕುಳಿತು ನೋಡಬೇಕಷ್ಟೆ. ಆ ಇಬ್ಬರ ತಾಳ್ಮೆ ಭಂಡಾರದಲ್ಲಿ ಸಿಗುವ ಕಟ್ಟಲ್ಲ.

ಇನ್ನು ನನ್ನ ಎಣಿಕೆಯ ಗತಿ. ಆ ತರುಣ ಅಧ್ಯಾಪಕರ ನೆರವಿನಿಂದ ಆರ್‌ನಲ್ಲಿ ಹತ್ತೆಂಟು ಸಾಲು ಬರೆದೆ. ಹೊಸ ಗದ್ಯದ ಪದಗಳು ಹಳೆಯವಕ್ಕಿಂತ ಸ್ಪಷ್ಟವಾಗಿ ಉದ್ದವಾಗಿವೆ ಎಂದು ಫಲಿತಾಂಶ ಬಂತು. ಹಿಗ್ಗಿದೆ. ಪ್ರಬಂಧ ಓದಿದೆ; ಚಪ್ಪಾಳೆಯೂ ಬಿತ್ತು. ಜಂಭದಿಂದಲೋ ಏನೋ, ಬರೆದ ಸಾಲುಗಳನ್ನೂ ಪ್ರತಿ ಮಾಡಿಸಿ ಹಂಚಿದೆ. ಎರಡು ವಾರ ಕಳೆದ ಮೇಲೆ ಬೇರೊಂದು ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಬಂದು, “ಸರ್, ತಪ್ಪು ತಿಳಿಯಬೇಡಿ, ನೀವು ಎಣಿಸಿರೋದು ಅಕ್ಷರವನ್ನಲ್ಲ” ಎಂದಳು.

ಆಕೆ ಹೇಳಿದ್ದು ನಿಜ. ಗಣಕಯಂತ್ರ ಕನ್ನಡವನ್ನು ನಮ್ಮ ಹಾಗೆ ಓದುವುದಿಲ್ಲ. ವ್ಯಂಜನಕ್ಕೆ ಒಂದು ಸಂಕೇತ, ಗುಣಿತದ ಚಿಹ್ನೆಗೆ ಇನ್ನೊಂದು, ಒತ್ತಕ್ಷರ ಬಂದಾಗ ನಡುವಿನ ಅರ್ಧಚಿಹ್ನೆಗೆ ಮತ್ತೊಂದು. ‘ಮರ’ ಎಂದರೆ ಯಂತ್ರಕ್ಕೂ ಎರಡು, ನಮಗೂ ಎರಡು. ‘ಕನ್ನಡ’ ನಮಗೆ ಮೂರು, ಯಂತ್ರಕ್ಕೆ ಐದು. ‘ಸ್ಟ್ರೈಕ್’ ಎಂಬುದು ನಮಗೆ ಎರಡೇ, ಯಂತ್ರಕ್ಕೆ ಎಂಟು! ಹೊಸ ಗದ್ಯದಲ್ಲಿ ಇಂಗ್ಲಿಷ್ ಮಾತುಗಳು ಹೆಚ್ಚು, ಅವುಗಳಲ್ಲಿ ಒತ್ತಕ್ಷರಗಳು ಹೆಚ್ಚು. ನಾನು ಅಳೆದದ್ದು ಪದಗಳ ಉದ್ದವನ್ನಲ್ಲ, ಒತ್ತುಗಳ ಸಂಖ್ಯೆಯನ್ನು. ಶಬ್ದಮಣಿದರ್ಪಣದ ಸಂಧಿಪ್ರಕರಣವನ್ನು ಪ್ರತಿವರ್ಷವೂ ಪಾಠ ಹೇಳುವವನಿಗೆ ಅಕ್ಷರವೆಂದರೇನೆಂದು ಹತ್ತೊಂಬತ್ತರ ಹುಡುಗಿ ಹೇಳಿಕೊಡಬೇಕಾಯಿತು.

ಆಕೆಯೇ ಕುಳಿತು ಆ ಎರಡು ಸಾಲುಗಳನ್ನು ತಿದ್ದಿದಳು. ಮತ್ತೆ ಲೆಕ್ಕ ಹಾಕಿದೆವು. ನಾನು ಕಂಡೆನೆಂದು ಬೀಗಿದ್ದ ವ್ಯತ್ಯಾಸದಲ್ಲಿ ಬಹುಪಾಲು ಕರಗಿಹೋಯಿತು. ಪ್ರಬಂಧವನ್ನು ಅಚ್ಚಿಗೆ ಕೊಟ್ಟಿದ್ದ ಸಂಪಾದಕರಿಗೆ ಅಂದೇ ಕಾಗದ ಬರೆದು ತಡೆಯಿರೆಂದು ಕೇಳಿಕೊಂಡೆ. ಪುಟಗಳು ಆಗಲೇ ಅಚ್ಚಾಗಿದ್ದವು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿಯೊಂದು ಬರುತ್ತದೆ. ಅದರಲ್ಲಿ ಆಕೆಯ ಹೆಸರು ನನ್ನ ಹೆಸರಿಗಿಂತ ಮೊದಲು ಬರಲಿ ಎಂದು ಬರೆದಿದ್ದೇನೆ.