ಬಾಣ ಬಳುಕದಿದ್ದರೆ ಗುರಿಗೆ ಹೋಗೋದಿಲ್ಲ

ದೋಟಿಯಲ್ಲಿ ಅಡಿಕೆ ಕೊನೆ ತೆಗೆದವರಿಗೆ ಈ ವಿಷಯ ಬೇಗ ಅರ್ಥ ಆಗ್ತದೆ, ಅದಕ್ಕೇ ಇಲ್ಲಿ ಬರೀತಿದ್ದೇನೆ. ಉದ್ದ ಹೆಚ್ಚಿದಷ್ಟೂ ದೋಟಿ ಬಳುಕುತ್ತದೆ. ತುದಿಯಲ್ಲಿ ಕತ್ತಿಯ ಭಾರ ಹೆಚ್ಚಾದರೆ ಇನ್ನಷ್ಟು ಬಳುಕುತ್ತದೆ. ಗಳ ದಪ್ಪ ಇದ್ದರೆ ಬಳುಕು ಕಡಿಮೆ, ಆದ್ರೆ ಎತ್ತಿ ಎತ್ತಿ ಕೈ ಸೋಲ್ತದೆ. ಬಾಣದ ಲೆಕ್ಕವೂ ಹೆಚ್ಚುಕಡಿಮೆ ಇದೇ. ವ್ಯತ್ಯಾಸ ಒಂದೇ: ದೋಟಿ ಬಳುಕದಿದ್ದಷ್ಟೂ ನಮಗೆ ಒಳ್ಳೇದು, ಬಾಣ ಮಾತ್ರ ತಕ್ಕಷ್ಟು ಬಳುಕಲೇಬೇಕು.

ಯಾಕೆ? ಹಳೇ ಕಾಲದ ಬಿಲ್ಲಿನಲ್ಲಿ ಬಾಣ ಕೂರೋದು ಹಿಡಿಯ ಪಕ್ಕದಲ್ಲಿ, ನಡುವೆ ಅಲ್ಲ. ಹೆದೆ ಮಾತ್ರ ನಡುವಿಗೇ ಓಡುತ್ತದೆ. ಹಾಗಾದ್ರೆ ಬಿಟ್ಟ ಬಾಣ ಬಿಲ್ಲಿನ ದಪ್ಪಕ್ಕೆ ತಾಗಿ ಓರೆಯಾಗಿ ಹೋಗಬೇಕಲ್ವ? ಹೋಗೋದಿಲ್ಲ. ಬೆರಳಿಂದ ಜಾರುವಾಗ ಹೆದೆ ತುಸು ಪಕ್ಕಕ್ಕೆ ಸರಿದು ಬಾಣದ ಬುಡವನ್ನೂ ಸರಿಸುತ್ತದೆ. ಹಿಂದಿನಿಂದ ಹೆದೆಯ ನೂಕು, ಮುಂದೆ ಮೊನೆಯ ಭಾರ, ನಡುವೆ ಸಿಕ್ಕ ಕಡ್ಡಿ ಬಾಗುತ್ತದೆ. ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಹೀಗೆ ಹಾವಿನ ಹಾಗೆ ಹಿಡಿಯನ್ನು ಬಳಸಿಕೊಂಡು ಹೊರಬಿದ್ದು, ಮುಂದೆ ನೇರ ಆಗ್ತದೆ. ಕಡ್ಡಿ ಅತಿ ಗಡಸಾದರೆ ಬಲಗೈಯಲ್ಲಿ ಎಳೆಯುವವನ ಬಾಣ ಎಡಕ್ಕೆ ಹೋಗ್ತದೆ, ಅತಿ ಬಳುಕಾದರೆ ಬಲಕ್ಕೆ.

ಅಮೆರಿಕದಲ್ಲಿ ಇದನ್ನು ಕ್ಯಾಮೆರಾ ಹಿಡಿದು ತೋರಿಸಿದ್ದು 1930ರ ದಶಕದಲ್ಲಿ. ಬೆಲ್ ಲ್ಯಾಬ್ಸ್‌ನ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿ ವೇಗದ ಚಿತ್ರ ತೆಗೆದಾಗ ಬಾಣ ಬಾಗೋದು ಕಣ್ಣಿಗೆ ಕಂಡಿತು. ಆದರೆ ಬಿಲ್ಲು ಮಾಡೋ ಜನ ಸಾವಿರಾರು ವರ್ಷಗಳಿಂದ ಕಡ್ಡಿ ಆರಿಸುತ್ತಲೇ ಬಂದಿದ್ದರಲ್ಲ? ಅವರ ಅಳತೆ ಇದ್ದದ್ದು ಬೆರಳಿನಲ್ಲಿ. ಅಲ್ಲಿನ ಒಂದು ಬುಡಕಟ್ಟಿನಲ್ಲಿ ಆ ಬೆರಳಿನ ವಿದ್ಯೆ ಒಬ್ಬ ಮನುಷ್ಯನ ತನಕ ಬಂದು ನಿಂತಿತ್ತು.

1911ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿನ ಕಸಾಯಿಖಾನೆ ಹತ್ತಿರ ಹಸಿದು ಬಳಲಿದ ಒಬ್ಬರು ಸಿಕ್ಕಿದರು. ಯಾಹಿ ಬುಡಕಟ್ಟಿನವರು. 1849ರ ಚಿನ್ನದ ಹುಚ್ಚಿನ ನಂತರ ಬಂದ ವಲಸೆಗಾರರು ಅವರ ನೆಲ ಕಿತ್ತುಕೊಂಡು ಜನರನ್ನೇ ಕೊಂದು ಮುಗಿಸಿದ್ದರು. ಉಳಿದ ಕೆಲವರು ಕಣಿವೆಯಲ್ಲಿ ನಲವತ್ತು ವರ್ಷದ ಹತ್ತಿರ ಅಡಗಿ ಬದುಕಿದರು. 1908ರಲ್ಲಿ ಸರ್ವೆಯವರು ಆ ಬಿಡಾರ ನೋಡಿ, ಇದ್ದ ಸಾಮಾನನ್ನೂ ಹೊತ್ತುಕೊಂಡು ಹೋದರು. ಕೊನೆಗೆ ಉಳಿದದ್ದು ಇವರೊಬ್ಬರೇ. ತಮ್ಮ ಹೆಸರನ್ನು ಇವರು ಯಾರಿಗೂ ಹೇಳಲಿಲ್ಲ. ಇಶಿ ಅಂದರೆ ಅವರ ಭಾಷೆಯಲ್ಲಿ ‘ಮನುಷ್ಯ’ ಅಂತ ಅಷ್ಟೇ.

ಸ್ಯಾನ್ ಫ್ರಾನ್ಸಿಸ್ಕೊದ ಮ್ಯೂಸಿಯಂನಲ್ಲಿ ಇಶಿ ಇದ್ದಾಗ ಪಕ್ಕದ ವೈದ್ಯಕೀಯ ಕಾಲೇಜಿನ ಸರ್ಜನ್ ಸ್ಯಾಕ್ಸ್‌ಟನ್ ಪೋಪ್ ಅವರಿಗೆ ಗೆಳೆಯರಾದರು. ಇಶಿ ಬಾಣ ಮಾಡುವುದನ್ನು ನೋಡಿ ಪೋಪ್ ಒಂದೊಂದೂ ಬರೆದಿಟ್ಟರು. ನೇರವಾದ ಹೇಝಲ್ ಗಿಡದ ಕಡ್ಡಿ ಕಡಿದು ಒಣಗಿಸೋದು. ಡೊಂಕು ಇದ್ದಲ್ಲಿ ಕೆಂಡದ ಮೇಲೆ ಬಿಸಿ ಮಾಡಿ ತಿದ್ದೋದು. ತುದಿಯಲ್ಲಿ ತೂತು ಕೊರೆದು, ಹೆಚ್ಚು ಭಾರದ ಮರದ ಇನ್ನೊಂದು ತುಂಡು ಸೇರಿಸಿ, ಪ್ರಾಣಿಯ ನರದಿಂದ ಬಿಗಿಯೋದು. ಮೊನೆಗೆ ಕಪ್ಪು ಗಾಜುಕಲ್ಲು, ಇಲ್ಲದಿದ್ದರೆ ಬಾಟಲಿ ಗಾಜು. ಆ ಭಾರದ ತುಂಡನ್ನು ಗಮನಿಸಿ. ಮುಂದೆ ಭಾರ ಹೆಚ್ಚಾದರೆ ಬಾಣ ಹೆಚ್ಚು ಸ್ಥಿರವಾಗಿ ಹಾರುತ್ತದೆ, ಜೊತೆಗೆ ಅದೇ ಕಡ್ಡಿ ಹೆಚ್ಚು ಬಳುಕುತ್ತದೆ. ಅಂದ್ರೆ ಮೊನೆ ಬದಲಿಸಿದರೆ ಕಡ್ಡಿಯನ್ನೂ ಬದಲಿಸಬೇಕು.

1916ರ ಮಾರ್ಚ್‌ನಲ್ಲಿ ಇಶಿ ಕ್ಷಯದಿಂದ ತೀರಿಕೊಂಡರು. ನಾಲ್ಕೂವರೆ ವರ್ಷ, ಅಷ್ಟೇ ಸಿಕ್ಕಿದ ಸಮಯ. ಪೋಪ್ 1923ರಲ್ಲಿ ತಮ್ಮ ಬಿಲ್ಲುಬೇಟೆಯ ಪುಸ್ತಕ ತಂದರು. ಅಮೆರಿಕದಲ್ಲಿ ಬಿಲ್ಲಿನ ಗೀಳು ಮತ್ತೆ ಹತ್ತಿದ್ದರಲ್ಲಿ ಆ ಪುಸ್ತಕದ ಪಾಲು ದೊಡ್ಡದು.

ಆಮೇಲೆ ಬೆರಳಿನ ಅಳತೆಗೆ ಅಂಕಿ ಬಂತು. ಇದನ್ನು ನೀವೂ ಮಾಡಿ ನೋಡಬಹುದು. 26 ಇಂಚು ಅಂತರದ ಎರಡು ಗೂಟದ ಮೇಲೆ ಕಡ್ಡಿ ಇಡಿ, ನಡುವೆ 2 ಪೌಂಡ್, ಅಂದ್ರೆ ಸುಮಾರು 900 ಗ್ರಾಂ, ತೂಗುಹಾಕಿ. ಎಷ್ಟು ಇಂಚು ಜಗ್ಗಿತು ಅಂತ ಅಳೆದು, ಆ ಸಂಖ್ಯೆಯಿಂದ 26ನ್ನು ಭಾಗಿಸಿ. ಅರ್ಧ ಇಂಚು ಜಗ್ಗಿದರೆ 52. ಅಂದರೆ 52 ಪೌಂಡ್ ಎಳೆತದ ಬಿಲ್ಲಿಗೆ ಆ ಕಡ್ಡಿ ಸರಿಸುಮಾರು ಹೊಂದುತ್ತದೆ. ಉದ್ದ ಬಿಟ್ಟರೆ ಬಳುಕು ಹೆಚ್ಚು, ಇಂಚು ಕತ್ತರಿಸಿದರೆ ಗಡಸು. ಕತ್ತರಿಸಿದ್ದು ಮತ್ತೆ ಬೆಳೆಯೋದಿಲ್ಲ ಮಾರಾಯ್ರೆ, ಅದಕ್ಕೇ ತಿಳಿದವರು ಉದ್ದ ಬಿಟ್ಟು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾರೆ.

ತೂಕದ ಲೆಕ್ಕ ಗ್ರೇನ್‌ನಲ್ಲಿ. ಗ್ರೇನ್ ಅಂದರೆ ಕಾಳು, ನಮ್ಮ ಅಕ್ಕಸಾಲಿಗರ ಗುಲಗಂಜಿ ಇದ್ದ ಹಾಗೆ. ಒಂದು ಪೌಂಡಿಗೆ 7000 ಗ್ರೇನ್. ಬೇಟೆಯ ಬಾಣಕ್ಕೆ ಎಳೆತದ ಪ್ರತಿ ಪೌಂಡಿಗೆ 10 ಗ್ರೇನ್ ಅನ್ನೋದು ಅಲ್ಲಿನವರ ರೂಢಿ. 50 ಪೌಂಡಿನ ಬಿಲ್ಲಿಗೆ 500 ಗ್ರೇನ್, ಸುಮಾರು 32 ಗ್ರಾಂ. ಹಗುರ ಬಾಣ ವೇಗವಾಗಿ ಹೋಗ್ತದೆ ನಿಜ, ಆದ್ರೆ ಬಿಲ್ಲಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಬಿಲ್ಲಿನಲ್ಲೇ ಉಳಿದು ಕೈಗೆ ಅದುರು ಹೊಡೀತದೆ. ತೀರಾ ಹಗುರವಾದರೆ ಬಿಲ್ಲೇ ಮುರಿಯಬಹುದು. ಭಾರದ ಬಾಣ ನಿಧಾನ, ಸದ್ದು ಕಡಿಮೆ, ಆಳಕ್ಕೆ ಇಳಿಯುತ್ತದೆ. ಹತ್ತಿರದಿಂದ ಹೊಡೆಯುವವನಿಗೆ ನನ್ನ ಲೆಕ್ಕದಲ್ಲಿ ಅದೇ ಸರಿ. ಗಾಯಗೊಂಡ ಪ್ರಾಣಿ ಓಡಿಹೋಗಿ ನರಳಿ ಸಾಯಬಾರದು ನೋಡಿ.

ಹಂದಿ ಕಾಟಕ್ಕೆ ಇದು ಆಗ್ತದಾ ಅಂತ ಯಾರೋ ಕೇಳೇ ಕೇಳ್ತೀರಿ. ಅನುಮತಿ ಇಲ್ಲದೆ ಆಗೋದಿಲ್ಲ, 1972ರ ವನ್ಯಜೀವಿ ಕಾಯ್ದೆ ಬಿಲ್ಲಿಗೂ ಅನ್ವಯಿಸುತ್ತದೆ. ನನಗೆ ಬೇಕಾಗಿರೋದು ಬೇರೆ. ನಮ್ಮ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದವರು ಎಷ್ಟೋ ಜನ ಇದ್ದಾರೆ, ಕಡ್ಡಿ ಯಾವ ಗಿಡದ್ದು ಅಂತ ಕಲ್ಲು ಹೇಳೋದಿಲ್ಲ. ನಿಮ್ಮ ಕಡೆ ಹಿರಿಯರು ಬಾಣಕ್ಕೆ ಯಾವ ಕಡ್ಡಿ ಕಡೀತಿದ್ರು, ಯಾವ ತಿಂಗಳಲ್ಲಿ, ಒಣಗಿಸೋದು ಹೇಗೆ ಅಂತ ಗೊತ್ತಿರೋ ಅಜ್ಜಂದಿರು ಇದ್ದರೆ ಕೇಳಿ ತಿಳಿಸಿ. ಮುಂದಿನ ಬರಹದಲ್ಲಿ ಸೇರಿಸ್ತೇನೆ.